ಬದುವಿನ ಬಾಯಿಗಿಟ್ಟ ಗೇಟು

ಹಂಗಳದ ಶಾಲೆಯಲ್ಲಿ ನನ್ನ ಬಳಿ ಓದಿದ ಗುರುಮಲ್ಲಮ್ಮ ಏಳನೆಯ ತರಗತಿಯನ್ನೂ ಮುಗಿಸಲಿಲ್ಲ. ಆದರೂ ನಿಮ್ಮ ಶಿಷ್ಯರಲ್ಲಿ ಯಾರನ್ನು ಕಂಡರೆ ಹೆಮ್ಮೆ ಎಂದು ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಅವಳ ಹೆಸರೇ.

ಅವಳ ಹೊಲ ಬಂಡೀಪುರದ ರಸ್ತೆಯ ಮಗ್ಗುಲಲ್ಲಿದೆ. ಅದರ ಹಿಂದಿನದು ಓರಗಿತ್ತಿ ಚಿಕ್ಕನಿಂಗಮ್ಮನ ಹೊಲ. ಚಿಕ್ಕನಿಂಗಮ್ಮ ಅಲ್ಲಿಗೆ ಹೋಗುತ್ತಿದ್ದುದು ಗುರುಮಲ್ಲಮ್ಮನ ಬದುವಿನ ಮೇಲೆಯೇ. ಮಧ್ಯಾಹ್ನ ಇಬ್ಬರೂ ಆ ಹಿಂದಿನ ಹೊಲದ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚುವರು. ಒಬ್ಬಳ ಮುದ್ದೆ, ಇನ್ನೊಬ್ಬಳ ಉಪ್ಸಾರು. ಇಪ್ಪತ್ತೆರಡು ವರ್ಷ ಹಾಗೆಯೇ ನಡೆಯಿತು.

ಈಚೆಗೆ ಸೂರ್ಯಕಾಂತಿ ಅರಳುವ ಕಾಲಕ್ಕೆ ಕೇರಳದ ಕಾರುಗಳು ಅಲ್ಲಿ ನಿಲ್ಲತೊಡಗಿದವು. ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳಲು ತಲೆಗೆ ಇಪ್ಪತ್ತು ರೂಪಾಯಿ ಕೊಡುವವರಿದ್ದರು. ಗುರುಮಲ್ಲಮ್ಮ ರಸ್ತೆಯುದ್ದಕ್ಕೂ ತಂತಿಬೇಲಿ ಹಾಕಿಸಿ, ಬದುವಿನ ಬಾಯಿಗೆ ಗೇಟು ಇಡಿಸಿದಳು. ಗಂಡ ದೊಡ್ಡಬೀರಯ್ಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತ. ಮನೆಗೆ ಫ್ರಿಜ್ ಬಂತು, ಸೋಫಾ ಬಂತು, ಅರ್ಧ ಗೋಡೆ ಮುಚ್ಚುವಂಥ ಟಿ.ವಿ. ಬಂತು.

ಒಂದು ಬೆಳಿಗ್ಗೆ ಚಿಕ್ಕನಿಂಗಮ್ಮ ಬುತ್ತಿ ಹಿಡಿದು ಬಂದಾಗ ದೊಡ್ಡಬೀರಯ್ಯ ನಗೆಯಾಡಿದ: "ಏನತ್ಗೆ, ಟಿಕೀಟ್ ತಕ್ಕಂಡೇ ಒಳೀಕ್ ಬರ್ಬೇಕು."

ಅವಳು ಸೆರಗಿನ ಗಂಟು ಬಿಚ್ಚಿ ಇಪ್ಪತ್ತರ ನೋಟನ್ನು ಅವನ ಕೈಯಲ್ಲಿಟ್ಟಳು. "ತಕ್ಕಳಪ್ಪ. ಪುಕ್ಸಟ್ಟೆ ಓಡಾಡ್ದೋಳು ಅನ್ನುಸ್ಕಬಾರ್ದು."

ಗುರುಮಲ್ಲಮ್ಮ ಅಲ್ಲೇ ಇದ್ದಳು. ಕಾರಿನವರನ್ನು ಕರೆಯುವ ಗಡಿಬಿಡಿಯಲ್ಲಿ ನಕ್ಕು ಅತ್ತ ಹೋದಳು. ಮರುದಿನದಿಂದ ಚಿಕ್ಕನಿಂಗಮ್ಮ ಕೆರೆ ಬಳಸಿಕೊಂಡು ತನ್ನ ಹೊಲಕ್ಕೆ ಹೋಗತೊಡಗಿದಳು.

ಕೆಲವು ತಿಂಗಳ ಮೇಲೆ ನಾನು ಅವರ ಮನೆಗೆ ಹೋದೆ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾದಲ್ಲಿ ಕೂರಿಸಿ ತಣ್ಣನೆಯ ನೀರು ಕೊಟ್ಟಳು. ಚಿಕ್ಕನಿಂಗಮ್ಮ ಹೇಗಿದ್ದಾಳೆ ಎಂದು ಕೇಳಿದೆ. ಧೂಳಿಲ್ಲದ ಟಿ.ವಿ.ಯನ್ನು ಸೆರಗಿನಿಂದ ಒರೆಸುತ್ತ ನಿಂತಳು.

"ಮನೇಲಿ ಎಲ್ಲಾ ಅದೆ ಮೇಷ್ಟ್ರೇ. ಒಲ್ದಲ್ಲಿ ಒಬ್ಳೇ ಕುಂತ್ರೆ ಮುದ್ದೆ ಗಂಟ್ಲಲ್ಲಿ ಇಳಿಯಕಿಲ್ಲ."

ಈ ವರ್ಷ ಹೂವು ತುಂಬಿ ಅರಳಿ, ಕಾರುಗಳು ಸಾಲುಗಟ್ಟಿದ್ದ ಭಾನುವಾರವೇ ಅವಳು ಹಾರೆ ತಂದು ಗೇಟನ್ನು ಕಂಬಸಮೇತ ಕಿತ್ತಳು.

"ತಲೆ ಕೆಟ್ಟದೇನಮ್ಮಿ ನಿಂಗೆ? ಟಿಕೀಟಿಲ್ದೆ ಎಲ್ರೂ ನುಗ್ತರೆ" ಎಂದ ದೊಡ್ಡಬೀರಯ್ಯ.

"ನುಗ್ಲಿ ಬುಡು. ನೋಡುದ್ರೆ ಊವು ಸವುದೋದದಾ?"

ಹಾಗೆಂದವಳೇ ಬುತ್ತಿ ಹಿಡಿದು ಹೊಂಗೆಮರದ ಕಡೆ ನಡೆದಳು. ಗಂಡನೂ ಹಿಂದೆಯೇ ಹೋದ. ಮರದ ಕೆಳಗೆ ಒಬ್ಬಳೇ ಉಣ್ಣುತ್ತಿದ್ದ ಚಿಕ್ಕನಿಂಗಮ್ಮ ತಲೆಯೆತ್ತಲಿಲ್ಲ.

"ಇಲ್ಲೂ ಟಿಕೀಟ್ ಅದೆ ಕಣಮ್ಮಿ."

ಗುರುಮಲ್ಲಮ್ಮ ಸೆರಗಿನ ಗಂಟು ಬಿಚ್ಚಿದಳು. ಗೇಟಿನಲ್ಲಿ ಕೊಟ್ಟ ದಿನವೇ ಗಂಡನ ಕೈಯಿಂದ ಇಸಿದುಕೊಂಡು, ವರ್ಷವಿಡೀ ಖರ್ಚು ಮಾಡದೆ ಇಟ್ಟಿದ್ದ ಅದೇ ನೋಟು. "ನಿಂದೇ ಕಣಕ್ಕ. ಅಂದೇ ಕೊಡ್ಬೇಕಾಗಿತ್ತು. ತಪ್ಪಾಯ್ತು."

ಚಿಕ್ಕನಿಂಗಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಉಪ್ಸಾರು ತಂದಿದ್ದಿಯಾ, ಇಲ್ಲ ಫ್ರಿಜ್ಜಿನ ತಂಗಳಾ?"

"ಬಿಸೀದೇ ಕಣಕ್ಕ."

"ಕುಂತ್ಕ ಮತ್ತೆ."

ಮೊನ್ನೆ ನಾನು ಹೋದಾಗ ಬದುವಿನ ಮೇಲೆ ಹುಲ್ಲು ತುಳಿದು ಮತ್ತೆ ದಾರಿ ಮೂಡಿತ್ತು. ಯಾರೋ ಅಪರಿಚಿತರು ಹಣ ಕೊಡದೆಯೇ ಹೂವಿನ ನಡುವೆ ನಿಂತು ನಗುತ್ತಿದ್ದರು. ಗೇಟಿನಲ್ಲಿದ್ದ ಕುರ್ಚಿಯನ್ನು ದೊಡ್ಡಬೀರಯ್ಯ ನನಗಾಗಿ ಹೊಂಗೆಮರದ ಕೆಳಕ್ಕೆ ಹೊತ್ತು ತಂದು, ಇದೆಲ್ಲವನ್ನೂ ಹೇಳಿದ. ನನ್ನ ಪಾಲಿಗೂ ಒಂದು ಮುದ್ದೆ ಬಂತು.