ಪಿಯಾಗಿ ಇಳಿಯುವ ಹೊತ್ತು

ಮರಗಳಿಂದ ಸದ್ದೇ ಇಲ್ಲವಲ್ಲ ಎಂಬ ಚಿಂತೆ ಬೆಳಗಿನಿಂದ ಡಾರ್ಲಾಳನ್ನು ಬಿಡಲೊಲ್ಲದು. ನಿನ್ನೆಯವರೆಗೂ ಪೈನ್ ಮರದ ತುದಿಯಲ್ಲಿ ಮೇಯುತ್ತಿದ್ದ ಪಿಯಾಗಿ ಹುಳುಗಳ ಹಿಕ್ಕೆ ತುಂತುರು ಮಳೆಯ ಹಾಗೆ ಒಣಗಿದೆಲೆಯ ಮೇಲೆ ಉದುರುತ್ತಿತ್ತು. ರೋಗ ಬಂದು ಸತ್ತವೋ? ಅವಳು ಮಗುವಿಗೆ ಹಾಲೂಡಿಸುವಷ್ಟರಲ್ಲಿ ಇಳಿದು ಮಣ್ಣು ಸೇರಿಬಿಟ್ಟವೋ? ಮಣ್ಣು ಸೇರಿದರೆ ಕೋಶವಾಗಿ, ಬರುವ ಬೇಸಿಗೆಗೆ ಬೂದುಬಣ್ಣದ ದೊಡ್ಡ ಪತಂಗಗಳಾಗಿ ಹಾರುತ್ತವೆ. ಮತ್ತೆ ಹುಳು ಸಿಗುವುದು ಎರಡು ವರ್ಷಕ್ಕೆ. ಬಿಸಿ ಮರಳಲ್ಲಿ ಹುರಿದು ಒಣಗಿಸಿಟ್ಟ ಪಿಯಾಗಿಯ ಸಾರಿಲ್ಲದ ಎರಡು ಚಳಿಗಾಲ.

ಗಂಡನ ಅಜ್ಜಿ ಎರ್ಮಾಗೆ ಈಗ ಎಂಬತ್ಮೂರು. ಮಂಡಿಯ ಆಪರೇಷನ್ ಆಗಿ ಬಿಷಪ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹುಳು ಇಳಿದೊಡನೆ ನೆಂಟರನ್ನು ಕರೆಯಲು ಮರ ಕಾಯುವ ಕೆಲಸವನ್ನು ಈ ಸಲ ಡಾರ್ಲಾಳಿಗೇ ವಹಿಸಿ ಹೋಗಿದ್ದಳು. ರೀನೋ ನಗರದಲ್ಲಿ ಓದಿ ಬೆಳೆದ ಡಾರ್ಲಾ ಆಗಲೇ ಎರಡು ಸಲ ಸುಳ್ಳು ಸುದ್ದಿ ಕೊಟ್ಟಾಗಿತ್ತು. ಗಾಳಿಗೆ ಬಿದ್ದ ನಾಲ್ಕು ಹುಳು ನೋಡಿ ಒಮ್ಮೆ, ಬರೀ ದಿಗಿಲಿಗೆ ಇನ್ನೊಮ್ಮೆ. ಕೆಲಸ ಬಿಟ್ಟು ಬುಟ್ಟಿ ಹೊತ್ತು ಬಂದ ನೆಂಟರೆಲ್ಲ ಬರಿಗೈಯಲ್ಲಿ ಮರಳಿದ್ದರು.

"ಮುಂದಿನ್ಸಲ ಅವೇ ಬಂದು ಬಾಗಿಲು ಬಡಿದ್ಮೇಲೆ ಫೋನ್ ಮಾಡಮ್ಮ," ಎಂದಿದ್ದ ಗಂಡನ ಚಿಕ್ಕಪ್ಪ ವರ್ನನ್.

ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಡಾರ್ಲಾ ಕಾಡಿಗೆ ನಡೆದಳು. ಎಂಟು ಮರ, ಸುತ್ತ ಇಳಿದ ಹುಳು ಬಿದ್ದು ಸಿಗಲೆಂದು ನೆಂಟರು ತೋಡಿಟ್ಟ ಎಂಟು ಕಂದಕ. ಎಲ್ಲ ಖಾಲಿ. ತಲೆಯೆತ್ತಿದಳು. ಕೆಂಪು ತೊಗಟೆಯ ಸೀಳಿನಲ್ಲಿ ಬೆರಳುದ್ದದ ಒಂದು ಹುಳು, ತಲೆಕೆಳಗಾಗಿ. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಇಡೀ ಬೊಡ್ಡೆಯೇ ಕೆಳಕ್ಕೆ ಜರುಗಿದಂತೆ ಕಂಡಿತು.

ಮೊದಲನೆಯದು ಕಂದಕಕ್ಕೆ ಬಿತ್ತು. ಬಿದ್ದದ್ದೇ ಆಚೆ ದಡ ಹತ್ತಿ ಹೊರಟಿತು. ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಅಂಬೆಗಾಲಿಡುವ ಮಗಳು ಬಿದ್ದಾಳೆಂದು ಹೆದರಿ, ಕಂದಕಗಳ ನೆಟ್ಟಗಿದ್ದ ಹೊರಗೋಡೆಗಳನ್ನೆಲ್ಲ ಹೋದ ವಾರ ಅವಳೇ ಸವರಿ ಇಳಿಜಾರು ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಮಂಡಿಯೂರಿ ಸಲಿಕೆಯಿಂದ ಗೋಡೆಯನ್ನು ಕಡಿಯತೊಡಗಿದಳು. ಬೆನ್ನ ಮೇಲೆ ಮಗು ಕೇಕೆ ಹಾಕುತ್ತಿತ್ತು. ನೆಟ್ಟಗಾದ ಗೋಡೆಗೆ ಹುಳುಗಳು ಹತ್ತಿ ಜಾರಿ, ಹತ್ತಿ ಜಾರಿ, ಒಂದರ ಮೇಲೊಂದು ಬಿದ್ದವು. ಒಂದು ಮರದ ಸುತ್ತು ಮುಗಿಯುವಷ್ಟರಲ್ಲಿ ಉಳಿದ ಏಳರಿಂದಲೂ ಹುಳುಗಳು ಸಾಲುಗಟ್ಟಿ ಪಾರಾಗುತ್ತಿದ್ದವು. ಒಬ್ಬಳ ಕೈಲಾಗುವ ಮಾತಲ್ಲ. ತಾನು ಕರೆದರೆ ಇನ್ನು ಯಾರೂ ನಂಬರು, ಅಜ್ಜಿಯ ಒಂದು ಮಾತಿಗೆ ನೆಂಟರೆಲ್ಲ ಹೊರಡುತ್ತಾರೆ. ಆದರೆ ಬುಟ್ಟಿಯ ಜೊತೆ ಸಲಿಕೆಯೂ ಬೇಕೆಂದರೆ ಗೋಡೆಯ ವಿಷಯ ಹೇಳಲೇಬೇಕು.

ಮಣ್ಣುಗೈಯಲ್ಲೇ ಫೋನ್ ಒತ್ತಿದಳು.

"ಅಜ್ಜಿ, ನಾನು ಡಾರ್ಲಾ. ಪಿಯಾಗಿ ಇಳೀತಿವೆ, ಬೊಡ್ಡೆನೇ ಕಾಣಿಸ್ತಿಲ್ಲ. ಗೋಡೆ ಎಲ್ಲ ನಾನೇ ಕೆಡಿಸಿದೀನಿ, ಮಗು ಬೀಳತ್ತೆ ಅಂತ. ಬೈಯೋದು ಆಮೇಲೆ ಬೈರಿ, ಈಗ ಸಲಿಕೆ ಹಿಡಿಯೋರ್ನೆಲ್ಲ ಕಳಿಸಿ."