ಮಗ ಕೂಸಿಗೆ ಎರೆಯುವುದನ್ನು ನಿಲ್ಲಿಸಿದ್ದು

ಹಿರಿಯೂರಿನ ನಮ್ಮ ಮನೆಯಲ್ಲಿ ಕೂಸಿಗೆ ಎಣ್ಣೆನೀರು ಎರೆಯುತ್ತಿದ್ದವನು ನನ್ನ ಮಗ. ಸೊಸೆ ಬಸ್ ಕಂಡಕ್ಟರ್. ಹೆರಿಗೆ ರಜೆ ಮುಗಿದ ಮೇಲೆ ಬೆಳಗಿನ ಹೊಸದುರ್ಗದ ಬಸ್ಸಿಗೆ ಹೋಗುತ್ತಿದ್ದಳು. ನನ್ನ ಹೆಂಡತಿಗೆ ಮಂಡಿನೋವು, ಕಾಲು ಚಾಚಿ ಕೂರಲಾರಳು. ಹಾಗಾಗಿ ಮಗ ತನ್ನ ಮೋಟಾರ್ ರಿಪೇರಿ ಅಂಗಡಿ ತೆರೆಯುವ ಮುಂಚೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಲುಂಗಿ ಮೇಲೆತ್ತಿ ಕಟ್ಟಿ, ಚಾಚಿದ ಕಾಲುಗಳ ಮೇಲೆ ಮೊಮ್ಮಗಳನ್ನು ಬೋರಲು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದ. ಅವಳು ಕೇಕೆ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ನಾನು ಎತ್ತಿಕೊಂಡರೆ ಕೂಸು ಮೈ ಸೆಟೆಸಿ ಅಪ್ಪನ ಕಡೆ ಕೈ ಚಾಚುತ್ತಿತ್ತು. ಇದೇ ಮಗ ಚಿಕ್ಕವನಿದ್ದಾಗ ನನ್ನ ಚಪ್ಪಲಿಯ ಸದ್ದು ಕೇಳಿದರೆ ಅವ್ವನ ಸೆರಗಿನ ಹಿಂದೆ ಸರಿಯುತ್ತಿದ್ದ. ನನ್ನ ಕಡೆ ಯಾರೂ ಹಾಗೆ ಕೈ ಚಾಚಿದ್ದಿಲ್ಲ.

ಬಾಗೂರಿನಿಂದ ಹೆಂಡತಿಯ ಅಣ್ಣ ನೆಂಟರ ಜೊತೆ ಬಂದಿದ್ದ ದಿನ, ಬೇಕೆಂದೇ ಅವರನ್ನು ಬಚ್ಚಲ ಬಾಗಿಲಿಗೆ ಕರೆದೆ.

"ನೋಡ್ರಿ ಭಾವ, ನಮ್ಮನೇಲಿ ಬಾಣಂತಿ ಯಾರು ಅಂತ ಗೊತ್ತಾಗ್ತೈತೇನ್ರಿ?"

"ಏನಪ್ಪ ಅಳಿಯ, ಹಾಲೂ ನೀನೇ ಕುಡಿಸ್ತೀಯೇನೋ?" ಎಂದರು ಭಾವ.

ಎಲ್ಲರೂ ನಕ್ಕರು. ಮಗ ತಲೆ ಎತ್ತದೆ ಕೂಸಿನ ಕಿವಿ ಒರೆಸಿ ಎದ್ದ. ಮರುದಿನದಿಂದ ಎರೆಯಲು ನಮ್ಮ ಬೀದಿಯ ಅಜ್ಜಿಯೊಬ್ಬಳನ್ನು ಗೊತ್ತುಮಾಡಿದ.

ಕೂಸು ಗಂಟಲು ಕಟ್ಟುವ ತನಕ ಅಳುತ್ತಿತ್ತು. ಅದು ಕೇಳಬಾರದೆಂದು ಮಗ ಮನೆ ಪಕ್ಕದ ಅಂಗಡಿಯಲ್ಲಿ ಸಾಣೆ ಮಷೀನು ಹಾಕಿಕೊಳ್ಳುತ್ತಿದ್ದ. ಇನ್ನಾದರೂ ಕೂಸು ನನ್ನ ಹತ್ತಿರ ಬಂದೀತು ಅಂದುಕೊಂಡಿದ್ದೆ. ಬರಲಿಲ್ಲ.

"ಈಗ ಸಮಾಧಾನ ಆಯ್ತಾ?" ಎಂದಳು ಹೆಂಡತಿ.

"ಅದು ಹೆಂಗಸ್ರ ಕೆಲಸ. ದೇವ್ರೇ ಹಂಗೆ ಮಾಡ್ಯಾನೆ."

"ಹಾಲು ನಮಗೆ ಕೊಟ್ಟ, ಒಪ್ತೀನಿ. ಎಣ್ಣೆ ತಿಕ್ಕಾಕೆ ನಿಮಗೆ ಕೈ ಕೊಟ್ಟಿರ್ಲಿಲ್ವಾ? ಕುರಿಮರಿ ಕಂಡ್ರೆ ಆ ಕೈ ಚಂದಾಗಿ ಆಡ್ತಿದ್ವಲ್ಲ!"

ಅವಳಂದದ್ದು ನಿಜ. ಹಿರೇಗುಂಟನೂರಿನ ಕಡೆ ಕುರಿ ಮೇಯಿಸುತ್ತಿದ್ದಾಗ, ಈದ ಕುರಿ ತನ್ನ ಮರಿಯನ್ನು ಒದ್ದು ದೂರ ಮಾಡಿದರೆ, ಅದರ ಹಾಲನ್ನೇ ಮರಿಯ ಬೆನ್ನಿಗೆ ಸವರಿ, ಕುರಿಯ ಕತ್ತು ಹಿಡಿದು ಮೂಸಿಸುತ್ತಿದ್ದೆ. ಎರಡು ದಿನಕ್ಕೆ ಅದೂ ತಾಯಿಯಾಗುವುದನ್ನು ಕಲಿಯುತ್ತಿತ್ತು. ತಬ್ಬಲಿ ಮರಿಗೆ ಸೀಸೆಯಲ್ಲಿ ಹಾಲು ಕುಡಿಸಿ ಕಂಬಳಿಯೊಳಗೆ ಮಲಗಿಸಿಕೊಳ್ಳುತ್ತಿದ್ದೆ. ನಮ್ಮವರಲ್ಲಿ ಅದು ಗಂಡಸಿನ ಕೆಲಸ, ಯಾರೂ ನಗುತ್ತಿರಲಿಲ್ಲ. ಕೂಸು ಎತ್ತಿಕೊಂಡ ಗಂಡಸನ್ನು ಮಾತ್ರ ಹಟ್ಟಿಯೆಲ್ಲ ಆಡಿಕೊಳ್ಳುತ್ತಿತ್ತು. ಅದಕ್ಕೆ ಹೆದರಿ, ತೊಟ್ಟಿಲಲ್ಲಿ ಮಗ ಅತ್ತರೆ ನಾನು ಎದ್ದು ಜಗಲಿಗೆ ಹೋಗುತ್ತಿದ್ದೆ. ಮಗ ಹೆದರಿರಲಿಲ್ಲ. ನನಗೆ ಸಹಿಸಲಾಗದ್ದು ಅದೇ.

ಭಾವ ಮತ್ತೆ ಬಂದ ದಿನ ಅಂಗಡಿಗೆ ಹೋದೆ.

"ಬಾರ್ಲೇ, ಕೂಸಿಗೆ ಎರಿ."

"ಮಾವ ಅದಾರಲ್ಲಪ್ಪ. ಅವರು ಹೋಗ್ಲಿ."

"ಅವರೆದುರಿಗೇ ಎರಿ. ಅವತ್ತು ನಾನಂದಿದ್ದು ಹೊಟ್ಟೆಕಿಚ್ಚಿಗೆ."

ಭಾವನ ಮುಂದೆಯೂ ಇದನ್ನೇ ಹೇಳಿದೆ. "ಮಗನ ಮೇಲೇನಾ? ಈ ವಯಸ್ಸಿಗಾ?" ಎಂದು ಅವರು ತೊಡೆ ತಟ್ಟಿಕೊಂಡು ನಕ್ಕರು. ಈ ಸಲ ನಕ್ಕಿದ್ದು ನನ್ನನ್ನು ನೋಡಿ.

ಮಗ ಮಣೆಯ ಮೇಲೆ ಕೂತ. ನಾನು ಹಂಡೆಯಿಂದ ನೀರು ತೋಡಿದೆ. ಕೂಸು ಮೊದಲು ಅತ್ತಿತು, ಆಮೇಲೆ ಅವನ ಕೈಯ ಗುರುತು ಹಿಡಿದು ಸುಮ್ಮನಾಯಿತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಆಗಲೂ ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ.

"ಬಿಸಿ ಜಾಸ್ತಿ ಆಯ್ತಪ್ಪ" ಎಂದ ಮಗ.

ತಣ್ಣೀರು ಬೆರೆಸಿದೆ.