ಆ ಗಾಡಿಗೆ ಇದು ಸಾಕು

ಹೊಸ ಟೈರಿನ ಮೈಮೇಲೆ ಎಳೆಗೂದಲಿನಂತೆ ಎದ್ದು ನಿಂತಿರುವ ರಬ್ಬರಿನ ಸಣ್ಣ ಸಣ್ಣ ಮುಳ್ಳುಗಳನ್ನು ನೀವು ಎಂದಾದರೂ ಬೆರಳಿನಿಂದ ಸವರಿ ನೋಡಿದ್ದೀರೋ ಇಲ್ಲವೋ, ನಾನಂತೂ ನೋಡಿದ್ದೇನೆ, ಅದೂ ಚಿಕ್ಕ ಮಗುವಿನ ಹಾಗೆ ಕುಕ್ಕರುಗಾಲಲ್ಲಿ ಕೂತು. ಅವು ಚುಚ್ಚುವುದಿಲ್ಲ; ಒತ್ತಿದರೆ ಬಾಗುತ್ತವೆ, ಬಿಟ್ಟರೆ ಎದ್ದು ನಿಲ್ಲುತ್ತವೆ. ದುಬಾರಿ ಟೈರಿಗೂ ಅವಿವೆ, ಅಗ್ಗದ ಟೈರಿಗೂ ಅವಿವೆ. ಅಂಗಡಿಯಲ್ಲಿ ಗೋಡೆಗೊರಗಿಸಿಟ್ಟಾಗ ಎರಡೂ ಒಂದೇ ಕಪ್ಪು, ಒಂದೇ ವಾಸನೆ, ಒಂದೇ ಗಾಂಭೀರ್ಯ. ಹೀಗಿರುವಾಗ ಹೆಚ್ಚು ಹಣ ಕೊಟ್ಟು ದುಬಾರಿಯದನ್ನೇ ಏಕೆ ಹಾಕಿಸಬೇಕು, ಕಡಿಮೆಯದು ಸಾಲದೇ ಎಂದು ಯಾರಿಗಾದರೂ ಅನಿಸುವುದು ಸಹಜ. ನನ್ನ ಹಳೆಯ ಶಿಷ್ಯರು ಕೆಲವರು ಇದೇ ಪ್ರಶ್ನೆಯನ್ನು ಫೋನು ಮಾಡಿ ಕೇಳುವುದುಂಟು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮೇಷ್ಟರಿಗೆ ಟೈರಿನ ವಿಷಯವೂ ತಿಳಿದಿರಬೇಕೆಂಬ ನಂಬಿಕೆ ಅವರದು. ನನಗೆ ಉತ್ತರ ಗೊತ್ತು. ಆದರೆ ಅದು ಗೊತ್ತಾದ ಬಗೆಯನ್ನು ಹೇಳದೆ ಉತ್ತರವೊಂದನ್ನೇ ಹೇಳಿಬಿಡುವುದು ಮತ್ತೊಂದು ಸುಳ್ಳಾಗುತ್ತದೆ ಎಂದು ಈ ಸಲ ಎಲ್ಲವನ್ನೂ ನಿಮ್ಮೆದುರು ಇಡುತ್ತಿದ್ದೇನೆ.

ನಿವೃತ್ತನಾದ ಮೇಲೆ ನಮ್ಮ ಬ್ರಹ್ಮಾವರದ ಮನೆಯಲ್ಲಿ ಎರಡು ಕಾರುಗಳಾದವು. ಒಂದು ನಾನೂ ಹೆಂಡತಿಯೂ ಓಡಾಡುವ ಬಿಳಿ ಕಾರು. ಅದು ವಾರಕ್ಕೆರಡು ಸಲ ಪೇಟೆಗೆ, ಸಂಕಷ್ಟಿಯಂದು ಹಟ್ಟಿಯಂಗಡಿಯ ಗಣಪತಿಯ ಸನ್ನಿಧಿಗೆ ಹೋಗಿಬಂದರೆ ಉಳಿದ ದಿನ ಶೆಡ್ಡಿನಲ್ಲಿ ನಿದ್ದೆ ಮಾಡುತ್ತಿತ್ತು. ಇನ್ನೊಂದು, ಅದೇ ಜಾತಿಯ, ಅದೇ ಅಳತೆಯ ಚಕ್ರಗಳ ಹಳದಿ ಬೋರ್ಡಿನ ಕಾರು, ಬಾಡಿಗೆಗೆಂದೇ ಕೊಂಡದ್ದು. ಅದನ್ನು ಓಡಿಸುತ್ತಿದ್ದವನು ಮರವಂತೆಯ ಶಂಕರ. ಮೀನುಗಾರರ ಮನೆಯವನು, ಮುಂಬೈಯಲ್ಲಿ ಹದಿನೆಂಟು ವರ್ಷ ಟ್ಯಾಕ್ಸಿ ಓಡಿಸಿ ಊರಿಗೆ ಮರಳಿದವನು, ಮಾತು ಕಡಿಮೆ. ಅವನಿಗೆ ವಾರದಲ್ಲಿ ಮೂರು ದಿನ ಒಂದು ಕಾಯಂ ಬಾಡಿಗೆಯಿತ್ತು: ಬೈಂದೂರಿನ ಕಡಲ ಬದಿಯ ಗಿರಿಜಕ್ಕ ಎಂಬ ವೃದ್ಧೆಯನ್ನು ಡಯಾಲಿಸಿಸ್‌ಗಾಗಿ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದು, ಮುಗಿಯುವವರೆಗೆ ಕಾದು, ಮನೆಗೆ ಬಿಡುವುದು. ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತ ಹೆಂಗಸು ಆಕೆ. ಎಡಗೈಯ ರಕ್ತನಾಳಗಳನ್ನು ಕೂಡಿಸಿ ಡಾಕ್ಟರು ಆ ಚಿಕಿತ್ಸೆಗೆ ದಾರಿ ಮಾಡಿದ್ದರು. ಆ ಕೈಮೇಲೆ ಭಾರ ಬೀಳಬಾರದು, ಪೆಟ್ಟಾಗಬಾರದು. ಅದನ್ನು ಆಕೆ ನಿದ್ದೆ ಹೋದ ಮೊಮ್ಮಗುವಿನಂತೆ ಸದಾ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ಮಳೆಗಾಲದ ಹೊಸ್ತಿಲಲ್ಲಿ ಎರಡೂ ಕಾರುಗಳ ಟೈರು ಸವೆದಿದ್ದವು. ಕುಂದಾಪುರದ ದಿನಕರನ ಅಂಗಡಿಗೆ ಹೋಗಿ, ಬಿಳಿ ಕಾರಿಗೆ ಒಳ್ಳೆಯ ಟೈರುಗಳನ್ನೂ ಹಳದಿ ಬೋರ್ಡಿನದಕ್ಕೆ ಅಗ್ಗದವನ್ನೂ ಆರಿಸಿದೆ. ದಿನಕರ ವ್ಯಾಪಾರಿಯಾದರೂ ಸುಮ್ಮನಿರಲಿಲ್ಲ.

"ಮಾಷ್ಟ್ರೆ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಬೇಡಿ. ಒಳ್ಳೇದನ್ನ ಆ ಹಳದಿ ಬೋರ್ಡಿನ ಗಾಡಿಗ್ ಹಾಕಿ. ಮಳಿಗ್ ದಿನಾ ಹೈವೇಲಿ ಓಡುದ್ ಅದೇ ಅಲ್ದಾ? ಈ ಕಮ್ಮಿದ್ ಕೆಟ್ಟ ಟೈರ್ ಅಲ್ಲ, ಪೇಟಿ ತಿರ್ಗುಕೆ ಧಾರಾಳ ಸಾಕ್. ಆರೆ ನೀರ್ ನಿಂತ ರಸ್ತಿಲಿ ಬ್ರೇಕ್ ಹಿಡ್ದ್ರೆ ಎರಡ್ ಮಾರ್ ಮುಂದ್ ಹೋಯಿ ನಿಲ್ಲತ್ತ್."

"ಆ ಗಾಡಿಗ್ ಇದ್ ಸಾಕ್ ಮಾರಾಯ," ಎಂದೆ ನಾನು.

ಸಾಕು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥ: ಇಷ್ಟಾದರೆ ಸಾಲುತ್ತದೆ ಎಂಬುದೊಂದು, ಸಲಹು ಎಂಬುದು ಇನ್ನೊಂದು. ಎಷ್ಟು ವರ್ಷ ಇದನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೇನೋ! ನನ್ನ ಮನೆಯ ಖರ್ಚನ್ನು ಬಹುಮಟ್ಟಿಗೆ ಸಾಕುತ್ತಿದ್ದದ್ದು ಆ ಹಳದಿ ಬೋರ್ಡಿನ ಕಾರು, ಅದನ್ನು ಓಡಿಸುವವನ ಬೆವರು. ಅದಕ್ಕೆ ನಾನು ಕೊಟ್ಟದ್ದು ಮೊದಲನೆಯ ಅರ್ಥವನ್ನು ಮಾತ್ರ. ನಾವು ಕೂರುವ ಗಾಡಿಗೆ ಎಷ್ಟಿದ್ದರೂ ಸಾಲದು, ಇತರರು ಕೂರುವುದಕ್ಕೆ ಎಷ್ಟಾದರೂ ಸಾಕು. ಆ ದಿನ ನನಗೆ ಹೀಗೆಲ್ಲ ಹೊಳೆಯಲಿಲ್ಲ. ವ್ಯವಹಾರಜ್ಞಾನ ಬಂತೆಂದು ಹಿಗ್ಗಿ ಮನೆಗೆ ಬಂದೆ.

ಮಳೆ ಹಿಡಿದ ವಾರದಲ್ಲೇ ಶಂಕರ ಬಂದು ಅಂಗಳದ ತುದಿಯಲ್ಲಿ ನಿಂತ. "ಮಾಷ್ಟ್ರೆ, ಹೊಸ ಟೈರ್ ಮಳಿಗ್ ಹಿಡಿತಿಲ್ಲೆ. ನಿನ್ನೆ ತ್ರಾಸಿ ಹತ್ರ ಒಂದ್ಸಲ ಜಾರ್ತ್."

"ಹೊಸ್ತಲ್ದಾ ಶಂಕ್ರ, ಸೊಲ್ಪ ಓಡ್ಲಿ, ಸರಿ ಆತ್ತ್. ನೀನ್ ನಿಧಾನ ಬಿಡ್."

"ನಿಧಾನವೇ ಬಿಡುದ್," ಎಂದು ಅವನು ಇನ್ನೇನೋ ಹೇಳಲಿದ್ದವನು ಹೇಳದೆ ಹೋದ. ಹೊಸ ಟೈರು ಸ್ವಲ್ಪ ಓಡಿದ ಮೇಲೆ ಹದಕ್ಕೆ ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ನಾನು ಆ ಮಾತು ಹೇಳಿದ್ದು ಅದು ನಿಜವೆಂದಲ್ಲ, ಅವನ ಬಾಯಿ ಮುಚ್ಚಿಸಲು ಅನುಕೂಲವಾಗಿತ್ತೆಂದು.

ಆಷಾಢದ ಒಂದು ಬೆಳಿಗ್ಗೆ ಅವನು ಗಿರಿಜಕ್ಕನನ್ನು ಕರೆದುಕೊಂಡು ಕುಂದಾಪುರಕ್ಕೆ ಬರುತ್ತಿದ್ದ. ಮರವಂತೆಯಲ್ಲಿ, ಒಂದು ಕಡೆ ಕಡಲು ಕಲ್ಲುಗಳಿಗೆ ಅಪ್ಪಳಿಸುತ್ತ ಇನ್ನೊಂದು ಕಡೆ ಹೊಳೆ ತುಂಬಿ ಹರಿಯುತ್ತಿದ್ದಾಗ, ದನವೊಂದು ರಸ್ತೆಗೆ ಅಡ್ಡ ಬಂತು. ಶಂಕರ ಬ್ರೇಕು ಹಿಡಿದ. ಗಾಡಿ ನಿಲ್ಲಲಿಲ್ಲ, ಜಾರಿ, ಅರ್ಧ ಸುತ್ತು ತಿರುಗಿ, ಹೊಳೆಯ ಬದಿಯ ಕಬ್ಬಿಣದ ತಡೆಗೆ ಗುದ್ದಿ ನಿಂತಿತು. ತಡೆ ಇಲ್ಲದಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಪೂರ್ತಿಯಾಗಿ ಯೋಚಿಸಲಾರೆ. ಸೀಟಿನಿಂದ ಮುಗ್ಗರಿಸುವಾಗ ಗಿರಿಜಕ್ಕ ಎಡಗೈಯನ್ನು ಎದೆಗೆ ಅವಚಿ, ಬಲಗೈಯನ್ನು ಮುಂದೊಡ್ಡಿದರಂತೆ. ಬಲಗೈಯ ಮಣಿಕಟ್ಟು ಮುರಿಯಿತು; ಎಡಗೈ ಉಳಿಯಿತು.

ನಾನು ಆಸ್ಪತ್ರೆ ಮುಟ್ಟುವಾಗ ಆಕೆಯನ್ನು ಪ್ಲಾಸ್ಟರಿಗೆಂದು ಒಳಗೆ ಕರೆದೊಯ್ದಿದ್ದರು. ಹೊರಗಿನ ಬೆಂಚುಗಳಲ್ಲಿ ಹತ್ತಾರು ಜನ, ಶಂಕರನ ಊರವರೂ ಸೇರಿ. ಗಿರಿಜಕ್ಕನ ಮಗಳು ಜ್ಯೋತಿ ಶಂಕರನೆದುರು ನಿಂತಿದ್ದಳು.

"ಎಷ್ಟ್ ಸ್ಪೀಡಲ್ಲಿ ಬಿಡ್ತಿದ್ರಿ ಶಂಕ್ರಣ್ಣ? ಆ ಕೈಗೇ ಪೆಟ್ಟಾಗಿದ್ರೆ ಎಂತ ಮಾಡುದಿತ್ತ್? ನಿಮ್ಮನ್ ನಂಬಿ ಅಲ್ದಾ ಅಮ್ಮನ್ ಕಳ್ಸುದ್?"

"ನಲವತ್ತರ ಮೇಲ್ ಇರ್ಲಿಲ್ಲೆ ಜ್ಯೋತಿ. ಬ್ರೇಕ್ ಹಿಡ್ದೆ. ಗಾಡಿ ನಿಲ್ಲಿಲ್ಲೆ," ಎಂದು ಶಂಕರ ನನ್ನ ಕಡೆ ತಿರುಗಿದ.

ಜ್ಯೋತಿಯೂ ತಿರುಗಿದಳು. ಬೆಂಚಿನ ಮೇಲಿದ್ದವರೂ ನೋಡಿದರು. ಟೈರು ಎಂಬ ಎರಡಕ್ಷರದ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಹೇಳಿದರೆ ನಿಮಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು, ಆದರೆ ಬಂದಿರಲಿಲ್ಲ. ಬಂದದ್ದು ಇದು: "ನಾನ್ ಯಾವತ್ತೂ ಹೇಳುದೇ, ಮಳಿಗ್ ನಿಧಾನ ಹೋಯ್ಕ್ ಅಂದೇಳಿ."

ಒಂದಕ್ಷರವೂ ಸುಳ್ಳಲ್ಲದ ವಾಕ್ಯ. ವ್ಯಾಕರಣ ಶುದ್ಧ. ಆ ಒಂದು ವಾಕ್ಯದಿಂದ ಹದಿನೆಂಟು ವರ್ಷ ಮುಂಬೈಯ ಗಿಜಿಗುಟ್ಟುವ ರಸ್ತೆಗಳಲ್ಲಿ ಯಾರನ್ನೂ ತಾಗಿಸದ ಒಬ್ಬ ಚಾಲಕನನ್ನು, ಅವನ ಊರವರೇ ಕೂತಿದ್ದ ಜಾಗದಲ್ಲಿ, ನಾನು ಬೇಜವಾಬ್ದಾರನನ್ನಾಗಿ ಮಾಡಿದೆ. ಕಾರು ಗ್ಯಾರೇಜು ಸೇರಿತು. "ಸೊಲ್ಪ ದಿನ ಹೋಗ್ಲಿ, ಮತ್ತ್ ಕಾಂಬ" ಎಂದು ನಾನೇ ಅವನನ್ನು ಮನೆಯಲ್ಲಿ ಕೂರಿಸಿದೆ. ಜ್ಯೋತಿಗೆ ಇನ್ನು ಅವನು ಬೇಡವೆಂದಾಗ, ಆಗಲೂ ದೊಡ್ಡವನೆನಿಸಿಕೊಳ್ಳುವ ಆಸೆ ಬಿಡಲಿಲ್ಲ ನೋಡಿ, ಗಿರಿಜಕ್ಕನನ್ನು ನನ್ನ ಬಿಳಿ ಕಾರಿನಲ್ಲಿ ನಾನೇ ಕರೆದೊಯ್ಯುತ್ತೇನೆ, ಬಾಡಿಗೆ ಬೇಡ ಎಂದೆ. ಆಕೆಯ ಮನೆಯವರು ಕೈಮುಗಿದರು. ಆ ನಮಸ್ಕಾರವನ್ನೂ ಸ್ವೀಕರಿಸಿದೆ.

ಎರಡು ವಾರ ಹೀಗೆ ನಡೆಯಿತು. ಮೂರನೆಯ ವಾರ, ಮಳೆ ಧೋ ಎಂದು ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಹೆಮ್ಮಾಡಿಯ ಹತ್ತಿರ ಬೈಕಿನವನೊಬ್ಬ ಅಡ್ಡರಸ್ತೆಯಿಂದ ಸೀದಾ ಮುಂದಕ್ಕೆ ನುಗ್ಗಿದ. ನಾನು ಗಾಬರಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದೆ. ಅರವತ್ತರ ಮೇಲಿತ್ತು ವೇಗ. ಶಂಕರನಷ್ಟು ನಿಧಾನ ನಾನು ಎಂದೂ ಹೋದವನಲ್ಲ. ಕಾರು ರಸ್ತೆಯನ್ನು ಉಗುರಿನಿಂದ ಹಿಡಿದುಕೊಂಡಂತೆ, ಒಂದಿಷ್ಟೂ ಓರೆಯಾಗದೆ, ಬೈಕಿಗೆ ಇನ್ನೂ ಒಂದು ಮಾರು ಇರುವಾಗಲೇ ನಿಂತಿತು. ನನ್ನ ಪಾದಕ್ಕೆ ಆ ವ್ಯತ್ಯಾಸ ತಿಳಿಯಿತು. ಅಂಗಡಿಯಲ್ಲಿ ಬೆರಳಿಗೆ ತಿಳಿಯದಿದ್ದದ್ದು ಅದು.

ಹಿಂದಿನ ಸೀಟಿನಿಂದ ಗಿರಿಜಕ್ಕ ಉಸಿರು ಬಿಟ್ಟರು. "ಎಂತ ಚಂದ ನಿಲ್ಸಿದ್ರಿ ಮಾಷ್ಟ್ರೆ! ಶಂಕ್ರನಿಗ್ ನಿಮ್ಮಷ್ಟ್ ಜಾಗ್ರತಿ ಇದ್ದಿದ್ರೆ ನನ್ನ್ ಕೈ ಮುರಿತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಹೊಗಳಿಕೆ ಮೈಮೇಲೆ ಬಿಸಿನೀರು ಚೆಲ್ಲಿದಂತಾಯಿತು. ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ; ಗಾಜು ಒರೆಸುವ ಕಡ್ಡಿಗಳನ್ನು ನೋಡುತ್ತಲೇ, ಹಿಂದೆ ತಿರುಗುವ ಧೈರ್ಯವಿಲ್ಲದೆ, ಎಲ್ಲವನ್ನೂ ಹೇಳಿದೆ. ದಿನಕರನ ಬುದ್ಧಿಮಾತು, ಶಂಕರನ ದೂರು, ಆಸ್ಪತ್ರೆಯಲ್ಲಿ ನಾನಾಡಿದ ಮಾತು, ಯಾವುದನ್ನೂ ಬಿಡಲಿಲ್ಲ.

ಮಳೆ ಕಾರಿನ ಮಾಡಿಗೆ ಬಡಿಯುತ್ತಿತ್ತು. ಆಕೆ, "ನಲವತ್ ವರ್ಷ ಮೀನ್ ಮಾರ್ದೆ ಮಾಷ್ಟ್ರೆ," ಎಂದರು. "ಒಳ್ಳೇದೆಲ್ಲ ಮಾರುದ್, ಉಳ್ದದ್ ನಾವ್ ತಿಂಬುದ್. ಅಂಜಲಿನಂಥ ದುಬಾರಿ ಮೀನ್ ನನ್ನ್ ಮಕ್ಕಳ್ ಕಂಡದ್ ಬುಟ್ಟಿಯಗೇ, ಬಟ್ಲಗಲ್ಲ. ಎಲ್ರೂ ಹಂಗೇ ಅಂದ್ಕಂಡಿದ್ದೆ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ತಡೆದರು.

"ನಂಗ್ ಹೇಳಿರ್ ಆತಿಲ್ಲೆ. ನನ್ನ್ ಕೈ ಹ್ಯಾಂಗೂ ಕೂಡತ್ತ್. ಅವ್ನ್ ಹೆಸ್ರ್ ತನ್ನಷ್ಟಕ್ಕೆ ಕೂಡುದಿಲ್ಲ. ಎಲ್ಲರೆದ್ರ್ ಅಲ್ದಾ ನೀವ್ ಅದನ್ನ ಮುರ್ದದ್? ಎಲ್ಲರೆದ್ರೇ ಹೋಯಿ ಹೇಳಿ. ಈಗ ಗಾಡಿ ಬಿಡಿ, ಹೊತ್ತಾತ್ತ್."

ಸಂಜೆ ಆಕೆಯನ್ನು ಮನೆ ಮುಟ್ಟಿಸಿ, ಜ್ಯೋತಿಯನ್ನು ಕರೆದು ಅವಳಿಗೂ ಹೇಳಿದೆ. ಅವಳು ನನ್ನನ್ನು ಒಳಗೆ ಬನ್ನಿ ಎನ್ನಲಿಲ್ಲ. ಹಳದಿ ಬೋರ್ಡಿನ ಕಾರು ಅಷ್ಟರಲ್ಲಿ ದುರಸ್ತಿಯಾಗಿತ್ತು; ಮರುದಿನ ದಿನಕರನ ಅಂಗಡಿಗೆ ಹೋಗಿ ಎರಡೂ ಕಾರುಗಳ ಟೈರನ್ನು ಅದಲುಬದಲು ಮಾಡಿಸಿದೆ. ದಿನಕರ ಅಗ್ಗದ ಟೈರುಗಳಲ್ಲಿ ಗಾಳಿಯ ಒತ್ತಡ ನೋಡುತ್ತ, "ನಿಮ್ಮ್ ಓಡಾಟಕ್ಕೆ ಇದ್ ಸರಿ ಆತ್ತ್, ಮಳಿಗ್ ಸೊಲ್ಪ ಜಾಗ್ರತಿ," ಎಂದಷ್ಟೇ ಹೇಳಿದ.

ಹಳದಿ ಬೋರ್ಡಿನ ಕಾರನ್ನು ನಾನೇ ಓಡಿಸಿಕೊಂಡು ಬೈಂದೂರು ರೈಲ್ವೆ ಸ್ಟೇಷನ್ನಿನ ಎದುರಿನ ಸ್ಟ್ಯಾಂಡಿಗೆ ಹೋದೆ. ಶಂಕರ ಅಲ್ಲಿ ಯಾರಾದರೂ ರಜೆ ಮಾಡಿದರೆ ಅವರ ಗಾಡಿ ಓಡಿಸಲೆಂದು ಕೂತಿರುತ್ತಾನೆಂದು ಕೇಳಿದ್ದೆ. ಏಳೆಂಟು ಚಾಲಕರು ತಗಡಿನ ಮಾಡಿನ ಕೆಳಗಿದ್ದರು. ಅವರೆದುರು ನಿಂತೆ. "ಶಂಕ್ರನ್ ತಪ್ಪಿಲ್ಲೆ. ಟೈರ್ ಹಿಡಿತಿಲ್ಲೆ ಅಂದ್ ಅವ್ನ್ ಮೊದ್ಲೇ ಹೇಳಿದ್ದ. ನಾನ್ ಕೇಂಡಿಲ್ಲೆ. ಆಸ್ಪತ್ರೆಲಿ ತಪ್ಪನ್ನ ಅವ್ನ್ ಮೇಲ್ ಹಾಕ್ದೆ," ಎಂದೆ. ಒಬ್ಬ ಎದ್ದು ಹೋಗಿ ಉಗುಳಿ ಬಂದ.

ಶಂಕರನೇ ಸಂಕೋಚದಿಂದ ನನ್ನನ್ನು ಬದಿಗೆ ಕರೆದ. "ಸಾಕ್ ಮಾಷ್ಟ್ರೆ."

"ಒಳ್ಳೆ ಟೈರ್ ಹಾಕ್ಸಿದೆ ಶಂಕ್ರ. ಗಾಡಿ ತಕಂಡ್ ಹೋಗ್," ಎಂದು ಕೀಲಿಕೈ ಚಾಚಿದೆ.

ಅವನು ಕೀಲಿಕೈ ಮುಟ್ಟಲಿಲ್ಲ. "ನಂಗೆ ಬೇಜಾರಾದ್ ಟೈರಿಗಲ್ಲ. ಕಮ್ಮಿ ಟೈರ್ ಎಷ್ಟ್ ಜನ ಹಾಕುದಿಲ್ಲ? ಮುಂಬೈಲಿ ಅದಕ್ಕಿಂತ್ ಸವ್ದ ಟೈರಗೆ ಓಡ್ಸಿದ್ದೆ. ಆಸ್ಪತ್ರೆಲಿ ನಾನ್ ನಿಮ್ಮ್ ಮುಖ ಕಂಡೆ ಮಾಷ್ಟ್ರೆ. ನೀವ್ ಗೋಡಿ ಕಂಡ್ರಿ." ಎಂದಿನ ಮರ್ಯಾದೆಯಲ್ಲೇ ಹೇಳಿದ: "ಇನ್ನ್ ನಿಮ್ಮ್ ಗಾಡಿ ಬಿಡುಕೆ ನಂಗ್ ಮನ್ಸ್ ಬತ್ತಿಲ್ಲೆ."

ಆದ್ದರಿಂದ ಗೆಳೆಯರೇ, ಟೈರಿನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕಡಿಮೆಯದು ಕೆಟ್ಟದ್ದೇನಲ್ಲ, ಎಷ್ಟು ಓಡುತ್ತದೆ, ಎಂಥ ಮಳೆಯಲ್ಲಿ ಓಡುತ್ತದೆ, ಅದರಲ್ಲಿ ಯಾರು ಕೂರುತ್ತಾರೆ ಎಂಬುದನ್ನು ನೋಡಿ ಹಾಕಿಸಿ. ನೀವು ಕೂರದ ಗಾಡಿಯಾದರೆ ಇನ್ನೊಮ್ಮೆ ನೋಡಿ.

ಮುಂದಿನ ಸರದಿಗೆ ಎಂದಿನಂತೆ ಗಿರಿಜಕ್ಕನ ಮನೆಗೆ ಹೋದಾಗ ಜ್ಯೋತಿ ಹೊಸ್ತಿಲಲ್ಲೇ ಸಿಕ್ಕಳು. "ಅಮ್ಮ ಶಂಕ್ರಣ್ಣನ್ ಒಟ್ಟಿಗ್ ಹೋದ್ರ್. ಸ್ಟ್ಯಾಂಡಿನವ್ರ್ ಒಬ್ರ್ ಅವ್ರಿಗ್ ಗಾಡಿ ಕೊಟ್ರಂಬ್ರ್. ನಿಮ್ಗ್ ಫೋನ್ ಮಾಡ್ಬೇಕಿತ್ತ್," ಎಂದಳು, ಮರೆತೆ ಎನ್ನಲಿಲ್ಲ. ನಾನು ತಲೆಯಾಡಿಸಿ ಹಿಂದಿರುಗಿದೆ. ಕುಂದಾಪುರದ ಆಸ್ಪತ್ರೆಯೆದುರು ಬರುವಾಗ ಅವರ ಕಾರು ಆಗಷ್ಟೇ ನಿಂತಿತ್ತು. ಶಂಕರ ತಾನು ನೆನೆಯುತ್ತ ಆಕೆಗೆ ಕೊಡೆ ಹಿಡಿದಿದ್ದ. ಗಿರಿಜಕ್ಕ ಪ್ಲಾಸ್ಟರಿನ ಕೈಯನ್ನು ಅವನ ಹೆಗಲ ಮೇಲೆ ಹಾಕಿ, ಏನೋ ಹೇಳಿ ನಗುತ್ತ, ಮೆಟ್ಟಿಲು ಹತ್ತುತ್ತಿದ್ದರು. ಕಾರು ನಿಲ್ಲಿಸಿ ಮಾತಾಡಿಸಬೇಕೆನಿಸಿತು. ಹಾಗೆ ಅನಿಸಿದ್ದಕ್ಕೂ ನಾಚಿಕೆಯಾಗಿ, ಅವರ ಕಣ್ಣಿಗೆ ಬೀಳದ ಹಾಗೆ ಬ್ರಹ್ಮಾವರದ ದಾರಿ ಹಿಡಿದೆ.